ಸೋತ ಪಾತ್ರಕ್ಕೆ ಗೆದ್ದ ಕಂಠ: ಬೆಳ್ಳಿತೆರೆಯಲ್ಲಿ ಭೀಮಸೇನ ಜೋಶಿ

ಗುರುವಾಯನಕೆರೆ, ವೇಣೂರು, ಮೂಡುಬಿದಿರೆ ಕಡೆಯ ಬಯಲಾಟ ನೋಡಿ ಬೆಳೆದವರಿಗೆ ಸಿನಿಮಾದ ಹಿನ್ನೆಲೆ ಗಾಯನವನ್ನು ವಿವರಿಸಿ ಹೇಳಬೇಕಾಗಿಲ್ಲ. ರಂಗಸ್ಥಳದಲ್ಲಿ ಕುಣಿಯುವವರು ಒಬ್ಬರು, ಅವರಿಗಾಗಿ ಹಾಡುವವರು ಇನ್ನೊಬ್ಬರು. ಆದರೆ ಯಕ್ಷಗಾನಕ್ಕೂ ಸಿನಿಮಾಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಆಟದಲ್ಲಿ ಭಾಗವತರು ಮರೆಯಲ್ಲಿರುವುದಿಲ್ಲ. ಜಾಗಟೆ ಹಿಡಿದು ಎಲ್ಲರ ಕಣ್ಣೆದುರಿಗೇ ಕುಳಿತು ಇಡೀ ಪ್ರಸಂಗವನ್ನು ನಡೆಸುತ್ತಾರೆ. ಅವರನ್ನು 'ಒಂದನೇ ವೇಷ' ಎಂದು ಕರೆಯುವ ವಾಡಿಕೆಯೂ ಇದೆ. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದು, 2023ರಲ್ಲಿ ನಿಧನರಾದ ಕಟೀಲು ಮೇಳದ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಪದ ಕೇಳಲೆಂದೇ ಆಟಕ್ಕೆ ಹೋಗುತ್ತಿದ್ದವರು ಈ ಸೀಮೆಯಲ್ಲಿ ಕಡಿಮೆಯೇನಲ್ಲ. ಸಿನಿಮಾದಲ್ಲಾದರೋ ಭಾಗವತನನ್ನು ತೆರೆಯ ಹಿಂದಕ್ಕೆ ಕಳುಹಿಸಲಾಗುತ್ತದೆ. ಹಾಡಿದವನ ಕಂಠ ಮಾತ್ರ ಉಳಿಯುತ್ತದೆ, ಮುಖ ಬೇರೆಯವರದಾಗುತ್ತದೆ.

ಹಾಗೆ ತೆರೆಯ ಹಿಂದೆ ಹೋದ ಕಂಠಗಳಲ್ಲಿ ಕನ್ನಡ ನೆಲದಿಂದ ಹೊರಟ ಅತಿ ದೊಡ್ಡದು ಪಂಡಿತ್ ಭೀಮಸೇನ ಜೋಶಿಯವರದು. ಖ್ಯಾಲ್ ಗಾಯಕರಾಗಿ ಅವರ ಸ್ಥಾನದ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಅಷ್ಟಾಗಿ ಚರ್ಚೆಗೆ ಬಾರದಿರುವುದು ತೆರೆಯೊಡನೆ ಅವರಿಗಿದ್ದ ಸಂಬಂಧ. ಅದು ಚಿಕ್ಕದು, ಬಿಡಿಬಿಡಿಯಾದದ್ದು. ನಾಲ್ಕು ದಶಕಗಳಲ್ಲಿ ಅವರು ಸಿನಿಮಾಗಳಿಗೆ ಹಾಡಿದ್ದು ವಿರಳ. ಆದರೂ ಶಾಸ್ತ್ರೀಯ ಸಂಗೀತದ ಕಛೇರಿಗೆ ಎಂದೂ ಕಾಲಿಡದ ಕೋಟ್ಯಂತರ ಜನರಿಗೆ ಆ ಕಂಠದ ಪರಿಚಯವಾದದ್ದು ಬಹುಪಾಲು ಈ ವಿರಳ ಹಾಡುಗಳಿಂದಲೇ.

ಆತ್ಮದ ಹಾಡು

ಅಮೆರಿಕದಲ್ಲಿ 'ಸೋಲ್' ಎಂಬ ಗಾಯನ ಪ್ರಕಾರವೊಂದಿದೆ. ಕನ್ನಡದ ಕಿವಿಗೆ ಈ ಪದ 'ಸೋಲು' ಎಂದೇ ಕೇಳಿಸುತ್ತದೆ. ಆದರೆ ಅದರ ಅರ್ಥ ಆತ್ಮ. ಕಪ್ಪು ಜನರ ಚರ್ಚುಗಳಲ್ಲಿ ದೇವರನ್ನು ಕೂಗಿ ಕರೆಯುತ್ತಿದ್ದ ಹಾಡುಗಾರಿಕೆ 1950ರ ದಶಕದಲ್ಲಿ ಲೌಕಿಕ ಗೀತೆಗಳಿಗೆ ಇಳಿದು ಬಂದಾಗ ಈ ಪ್ರಕಾರ ಹುಟ್ಟಿತು. ರೇ ಚಾರ್ಲ್ಸ್, ಜೇಮ್ಸ್ ಬ್ರೌನ್, ಅರೀಥಾ ಫ್ರಾಂಕ್ಲಿನ್ ಇದರ ದೊಡ್ಡ ಹೆಸರುಗಳು. ಇವರಲ್ಲಿ ಫ್ರಾಂಕ್ಲಿನ್ ಪಾದ್ರಿಯೊಬ್ಬರ ಮಗಳು. ಚರ್ಚಿನಲ್ಲೇ ಹಾಡಲು ಕಲಿತವರು. 1980ರ 'ದಿ ಬ್ಲೂಸ್ ಬ್ರದರ್ಸ್' ಚಿತ್ರದಲ್ಲಿ ಈ ಮೂವರೂ ಸ್ವತಃ ಪಾತ್ರ ವಹಿಸಿ, ತಮ್ಮದೇ ಮುಖದಿಂದ ಹಾಡಿದರು. ಫ್ರಾಂಕ್ಲಿನ್ ಹೋಟೆಲಿನ ಒಡತಿಯಾಗಿ, ಚಾರ್ಲ್ಸ್ ವಾದ್ಯಗಳ ಅಂಗಡಿಯವನಾಗಿ, ಬ್ರೌನ್ ಪಾದ್ರಿಯಾಗಿ ಕಾಣಿಸಿಕೊಂಡರು.

ನಮ್ಮಲ್ಲಿ ಇದಕ್ಕೆ ಹತ್ತಿರದ ಸಾಟಿ ಹುಡುಕುವುದಾದರೆ ಅಭಂಗ ಮತ್ತು ದಾಸರ ಪದಗಳತ್ತ ನೋಡಬೇಕು. ಅಲ್ಲಿಯೂ ಹಾಡು ಎಂದರೆ ಕರೆ. ಸ್ವರದ ಶುದ್ಧಿಗಿಂತ ಮೊದಲು ಆರ್ತತೆ ಬೇಕು. ಜೋಶಿಯವರು ಖ್ಯಾಲ್ ಗಾಯನದ ಬಿಗಿಯನ್ನು ಬಿಡದೆ ಈ ಆರ್ತತೆಯನ್ನು ಅದರೊಳಗೆ ತಂದರು. ಮರಾಠಿಗರ ಮನೆಗಳಲ್ಲಿ ಅವರ ಸಂತವಾಣಿ, ಕನ್ನಡಿಗರ ಮನೆಗಳಲ್ಲಿ ಅವರ ದಾಸವಾಣಿ ಒಂದೇ ಬಗೆಯ ಸಲುಗೆಯಿಂದ ನೆಲೆಸಿದ್ದಕ್ಕೆ ಕಾರಣ ಇದೇ ಇರಬೇಕು. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನು ಇಂದು ರಾಜ್ಯದ ಯಾವ ಮೂಲೆಯಲ್ಲಿ ಯಾರು ಹಾಡಿದರೂ ಕೇಳುವವರ ಮನಸ್ಸಿನಲ್ಲಿ ಹೋಲಿಕೆಗೆ ನಿಲ್ಲುವುದು ಜೋಶಿಯವರ ಹಾಡಿಕೆಯೇ.

ರೋಣದಿಂದ ರೈಲು ಹತ್ತಿದ ಹುಡುಗ

ಭೀಮಸೇನರು ಹುಟ್ಟಿದ್ದು 1922ರ ಫೆಬ್ರವರಿ 4ರಂದು, ಆಗಿನ ಧಾರವಾಡ ಜಿಲ್ಲೆಯ ರೋಣದಲ್ಲಿ. ಇಂದು ಅದು ಗದಗ ಜಿಲ್ಲೆಗೆ ಸೇರಿದೆ. ತಂದೆ ಗುರುರಾಜ ಜೋಶಿ ಶಾಲಾ ಶಿಕ್ಷಕರು. ಹದಿನಾರು ಮಕ್ಕಳಲ್ಲಿ ಭೀಮಸೇನರೇ ಹಿರಿಯರು. ಬೀದಿಯಲ್ಲಿ ಬ್ಯಾಂಡು, ಭಜನೆ ಯಾವುದೇ ಹೋದರೂ ಅದರ ಬೆನ್ನು ಹತ್ತಿ ಹೋಗಿ, ದಣಿದಲ್ಲಿ ಮಲಗಿಬಿಡುತ್ತಿದ್ದ ಮಗನನ್ನು ಹುಡುಕಿ ಸಾಕಾದ ತಂದೆ ಕೊನೆಗೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದು ಕಳುಹಿಸುತ್ತಿದ್ದರೆಂಬ ಕಥೆ ಉತ್ತರ ಕರ್ನಾಟಕದಲ್ಲಿ ಮನೆಮಾತು.

ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯೊಂದರ ಧ್ವನಿಮುದ್ರಿಕೆ ಆ ಹುಡುಗನ ದಿಕ್ಕು ಬದಲಿಸಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಭೀಮಸೇನ ಮನೆ ಬಿಟ್ಟ. ಊಟದಲ್ಲಿ ತುಪ್ಪ ಬಡಿಸಲಿಲ್ಲವೆಂಬ ಮುನಿಸು ಅದಕ್ಕೆ ನೆಪ. ಕೈಯಲ್ಲಿ ಕಾಸಿಲ್ಲ, ರೈಲಿಗೆ ಟಿಕೆಟ್ಟಿಲ್ಲ. ಸಹ ಪ್ರಯಾಣಿಕರಿಗೆ ಹಾಡು ಹೇಳಿ ಹೊಟ್ಟೆ ಹೊರೆದುಕೊಂಡು ಉತ್ತರ ಭಾರತ ತಲುಪಿದ. ಗ್ವಾಲಿಯರ್‌ನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ವಿದ್ಯಾಲಯಕ್ಕೆ ಸೇರಿದ. ಅಲ್ಲಿಂದ ಮುಂದೆಯೂ ಅಲೆದಾಟ ನಿಲ್ಲಲಿಲ್ಲ.

ಈ ಅಲೆದಾಟದಲ್ಲಿಯೇ ಸಿನಿಮಾ ಲೋಕದ ನೆರಳು ಮೊದಲ ಬಾರಿ ಅವರ ಮೇಲೆ ಬಿದ್ದದ್ದು. ಕೋಲ್ಕತಾದಲ್ಲಿ ಹುಡುಗ ಭೀಮಸೇನ ಕೆಲಸಕ್ಕಿದ್ದುದು ಆ ಕಾಲದ ಬಂಗಾಳಿ ಹಾಗೂ ಹಿಂದಿ ಚಿತ್ರಗಳ ಹೆಸರಾಂತ ನಟ-ಗಾಯಕ ಪಹಾಡಿ ಸನ್ಯಾಲರ ಮನೆಯಲ್ಲಿ. ಮನೆಗೆಲಸ ಮಾಡಿಕೊಂಡಿದ್ದರೆ ಸಂಗೀತವೂ ದೊರೆಯಬಹುದೆಂಬ ಆಸೆ. ಆ ಹುಡುಗನಲ್ಲಿ ಗಾಯಕನೊಬ್ಬ ಅಡಗಿರುವುದು ಮನೆಯೊಡೆಯರಿಗೆ ಹೊಳೆಯಲಿಲ್ಲ. ಅನೇಕ ವರ್ಷಗಳ ಬಳಿಕ ಅದೇ ನಗರದಲ್ಲಿ ಕಛೇರಿ ಮುಗಿಸಿದ ಪ್ರಸಿದ್ಧ ಗಾಯಕನನ್ನು ಅಭಿನಂದಿಸಲು ಬಂದ ಸನ್ಯಾಲರಿಗೆ, ತಾನು ಅವರ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗ ಎಂದು ಜೋಶಿಯವರೇ ನೆನಪಿಸಿದರು.

ಕೊನೆಗೆ ಜಲಂಧರ್‌ನಲ್ಲಿ ವಿನಾಯಕರಾವ್ ಪಟವರ್ಧನರು ಆಡಿದ ಮಾತು ದಾರಿ ತೋರಿತು. ಇಷ್ಟು ದೂರ ಅಲೆಯುವುದೇಕೆ, ನಿನ್ನ ಊರ ಪಕ್ಕದಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂಬುದು ಅದರ ಸಾರ. ಮಗನನ್ನು ಹುಡುಕಿ ಹಿಂದಕ್ಕೆ ಕರೆತಂದ ತಂದೆಯೇ 1936ರಲ್ಲಿ ಅವರನ್ನು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರ ಬಳಿಗೆ ಕರೆದೊಯ್ದರು. ಗುರುಗಳ ಮನೆಗೆ ನೀರು ಹೊತ್ತು, ಚಾಕರಿ ಮಾಡಿ ಕಲಿತ ವರ್ಷಗಳವು. ಅದೇ ಗುರುವಿನ ಬಳಿ ಕಲಿತ ಗಂಗೂಬಾಯಿ ಹಾನಗಲ್ ಅವರಿಗೆ ಗುರುಭಗಿನಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸವಾಯಿ ಗಂಧರ್ವರು ಕೇವಲ ಬೈಠಕ್ಕಿನ ಗಾಯಕರಾಗಿರಲಿಲ್ಲ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಧರಿಸಿ ಹೆಸರಾಗಿದ್ದ ನಟರೂ ಹೌದು. ಶಿಷ್ಯನಿಗೂ ಬಣ್ಣದ ನಂಟು ಸ್ವಲ್ಪ ಅಂಟಿತು. ಜೋಶಿಯವರು 'ಭಾಗ್ಯಶ್ರೀ' ಎಂಬ ಕನ್ನಡ ನಾಟಕದಲ್ಲಿ ಅಭಿನಯಿಸಿದ್ದರು. ಅದರಲ್ಲಿ ಅವರ ಸಹನಟಿಯಾಗಿದ್ದ ವತ್ಸಲಾ ಮುಧೋಳಕರ ಅವರು ಮುಂದೆ, 1951ರಲ್ಲಿ, ಅವರ ಬಾಳಸಂಗಾತಿಯಾದರು. ನಾಟಕ ಅಲ್ಲಿಗೇ ನಿಂತಿತು. ಸಂಗೀತ ಮುಂಬಯಿ ಆಕಾಶವಾಣಿ, ಧ್ವನಿಮುದ್ರಿಕೆ, ಪುಣೆಯ ವಾಸ ಎಂದು ಮುಂದಕ್ಕೆ ಹರಿಯಿತು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಬಳಿಕ ಅವರ ಸ್ಮರಣೆಯಲ್ಲಿ 1953ರಿಂದ ಪುಣೆಯಲ್ಲಿ ನಡೆಯುತ್ತಿರುವ ಸಂಗೀತೋತ್ಸವವನ್ನು ಬೆಳೆಸಿದವರು ಜೋಶಿಯವರೇ.

ಪು.ಲ. ಕರೆ

ಉತ್ಸವ ಆರಂಭವಾದ 1953ರಲ್ಲಿಯೇ ಮರಾಠಿಯ 'ಗುಳಾಚಾ ಗಣಪತಿ' ಚಿತ್ರವೂ ತೆರೆಕಂಡಿತು. ಕಥೆ, ಸಂಭಾಷಣೆ, ಸಂಗೀತ, ನಿರ್ದೇಶನ, ಮುಖ್ಯ ಪಾತ್ರ ಎಲ್ಲವೂ ಪು.ಲ. ದೇಶಪಾಂಡೆಯವರದು. ಬೆಳಗಾವಿಯ ಕಾಲೇಜಿನಲ್ಲಿ ಪಾಠ ಮಾಡಿದ್ದ ಪು.ಲ. ಅವರಿಗೆ ಈ ಕಡೆಯ ಗಾಯಕರ ಪರಿಚಯ ಚೆನ್ನಾಗಿತ್ತು. ಇಂದ್ರಾಯಣಿ ತೀರದ ಆಳಂದಿಯನ್ನೂ ಜ್ಞಾನೇಶ್ವರರ ಸಮಾಧಿಯನ್ನೂ ನೆನೆಯುವ ಗ.ದಿ. ಮಾಡಗೂಳಕರರ ಗೀತೆಯನ್ನು ಅವರು ಮೂವತ್ತೊಂದರ ಹರೆಯದ ಜೋಶಿಯವರಿಂದ ಹಾಡಿಸಿದರು. ಚಿತ್ರವನ್ನು ನೋಡಿದವರು ಇಂದು ಎಷ್ಟು ಮಂದಿಯೋ, ಹಾಡು ಮಾತ್ರ ಎಪ್ಪತ್ತು ವರ್ಷ ದಾಟಿಯೂ ಪಂಢರಪುರದ ವಾರಿಯಷ್ಟೇ ಜೀವಂತವಾಗಿದೆ. ಊರಿಂದೂರಿಗೆ ವಿಮಾನದಲ್ಲಿ ಹಾರಾಡುತ್ತಲೇ ಇರುತ್ತಿದ್ದ ಜೋಶಿಯವರಿಗೆ ಮುಂದೆ 'ಹವಾಯಿ ಗಂಧರ್ವ' ಎಂದು ಚಟಾಕಿಯ ಬಿರುದು ಕೊಟ್ಟವರೂ ಇದೇ ಪು.ಲ.

ಸೋಲಲೆಂದೇ ಹಾಡಿದ್ದು

ಜೋಶಿಯವರ ಅತ್ಯಂತ ಪ್ರಸಿದ್ಧ ಸಿನಿಮಾ ಹಾಡು 1956ರ 'ಬಸಂತ್ ಬಹಾರ್' ಚಿತ್ರದ್ದು. ರಾಜಾ ನವಾಥೆ ನಿರ್ದೇಶನದ, ಶಂಕರ್-ಜೈಕಿಶನ್ ಸಂಗೀತದ ಈ ಹಿಂದಿ ಚಿತ್ರದ ಮೂಲ ಕನ್ನಡದ್ದೆಂಬುದು ಅನೇಕರಿಗೆ ತಿಳಿದಿಲ್ಲ. ಚಿತ್ರದುರ್ಗದ ಸಂಗೀತಗಾರನ ಬದುಕನ್ನು ಕುರಿತ ತ.ರಾ. ಸುಬ್ಬರಾಯರ 'ಹಂಸಗೀತೆ' ಕಾದಂಬರಿಯೇ ಅದರ ಆಧಾರ. ಕನ್ನಡದ ಕಥೆ, ಕನ್ನಡದ ಗಾಯಕ ಇಬ್ಬರೂ ಮುಂಬಯಿಯಲ್ಲಿ ಭೇಟಿಯಾದರು.

ಈ ಹಾಡಿನ ಹಿನ್ನೆಲೆ ತಿಳಿಯಲು ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 1952ರ 'ಬೈಜು ಬಾವ್ರಾ' ಚಿತ್ರದಲ್ಲಿ ತಾನಸೇನನಿಗೆ ಅಮೀರ್ ಖಾನರೂ ಬೈಜುವಿಗೆ ಡಿ.ವಿ. ಪಲುಸ್ಕರರೂ ಹಾಡಿದ್ದರು. ಆ ದರ್ಬಾರು ಸ್ಪರ್ಧೆಯ ಯಶಸ್ಸಿನಿಂದಾಗಿ ಶಾಸ್ತ್ರೀಯ ಸಂಗೀತದ ಪಂದ್ಯ ಹಿಂದಿ ಚಿತ್ರಗಳಿಗೆ ಒದಗಿದ ಹೊಸ ಸರಕಾಯಿತು. ಎರಡೂ ಚಿತ್ರಗಳ ನಾಯಕ ಭರತ್ ಭೂಷಣ್. ಎರಡರಲ್ಲಿಯೂ ಗೆಲ್ಲಬೇಕಾದವನು ಅವನೇ. ಆದರೆ 'ಬೈಜು ಬಾವ್ರಾ'ದಲ್ಲಿ ಸ್ಪರ್ಧಿಗಳ ಕಂಠಗಳೆರಡೂ ಘರಾನೆಯಲ್ಲಿ ಬೆಳೆದ ಶಾಸ್ತ್ರೀಯ ಗಾಯಕರದಾಗಿದ್ದವು. 'ಬಸಂತ್ ಬಹಾರ್'ನ ನಾಯಕನಿಗೆ ಚಿತ್ರದುದ್ದಕ್ಕೂ ಹಾಡುತ್ತಿದ್ದವರು ಮನ್ನಾ ಡೇ ಹಾಗೂ ಮಹಮ್ಮದ್ ರಫಿ. ಆದ್ದರಿಂದ ಪಂದ್ಯದಲ್ಲಿಯೂ ಸಿನಿಮಾ ಗಾಯಕನೇ ಹಾಡಬೇಕು, ಎದುರಾಳಿಯಾಗಿ ನಿಲ್ಲುವ ಶಾಸ್ತ್ರೀಯ ದಿಗ್ಗಜ ಸೋಲಬೇಕು.

ಎದುರಾಳಿಯಾಗಿ ಹಾಡುವವರು ಭೀಮಸೇನ ಜೋಶಿ ಎಂದು ತಿಳಿದಾಗ ತಮಗಾದ ಗಾಬರಿಯನ್ನು ಮನ್ನಾ ಡೇ ಮುಂದೆ ಅನೇಕ ಬಾರಿ ಹೇಳಿಕೊಂಡರು. ಧ್ವನಿಮುದ್ರಣ ಮುಗಿಯುವ ತನಕ ಊರು ಬಿಟ್ಟು ಹೋಗಿಬಿಡೋಣವೆಂದು ಕೂಡ ಅವರಿಗೆ ಅನಿಸಿತ್ತು. ಆದರೆ ಜೋಶಿಯವರು ಅವರನ್ನು ಕೀಳಾಗಿ ಕಾಣಲಿಲ್ಲ, ಹುರಿದುಂಬಿಸಿದರು. 'ಕೇತಕಿ ಗುಲಾಬ್ ಜೂಹಿ' ಎಂಬ ಶೈಲೇಂದ್ರರ ಆ ಗೀತೆ ಇಂದಿಗೂ ವಸಂತ ಋತುವಿನ ರಾಗಗಳ ಮಾತು ಬಂದಾಗ ಮೊದಲು ನೆನಪಾಗುವ ಚಿತ್ರಗೀತೆ. ಮನ್ನಾ ಡೇ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 2013ರಲ್ಲಿ ನಿಧನರಾದದ್ದೂ ಅಲ್ಲಿಯೇ.

ಹಾಡನ್ನು ಇಂದು ಕೇಳಿದವರಿಗೆ ಗೆದ್ದವರು ಯಾರೆಂಬ ಬಗ್ಗೆ ಭಿನ್ನಾಭಿಪ್ರಾಯ ಬರಲಾರದು. ಚಿತ್ರಕಥೆಯ ತೀರ್ಪು ಒಂದಾದರೆ ಕಿವಿಯ ತೀರ್ಪು ಇನ್ನೊಂದು. ಹಾಗೆಂದು ಮನ್ನಾ ಡೇ ಅವರ ಹಾಡಿಕೆ ಕಳಪೆಯೆಂದಲ್ಲ. ಅವರು ಧ್ವನಿವರ್ಧಕದ ಸಮೀಪಕ್ಕೆ ಒಗ್ಗಿದ ಕಂಠ. ಪ್ರತಿ ಸ್ವರವನ್ನೂ ಹದವಾಗಿ ಇಡುತ್ತಾರೆ. ಜೋಶಿಯವರು ತಾನುಗಳನ್ನು ಎಸೆಯುವ ರಭಸ ಮಾತ್ರ ಸಾವಿರಾರು ಜನರ ಮುಂದೆ ರಾತ್ರಿಯಿಡೀ ಹಾಡಿದವರದು. ಮೂರು ನಾಲ್ಕು ನಿಮಿಷದ ಚೌಕಟ್ಟಿನಲ್ಲಿ ಅದು ಇಕ್ಕಟ್ಟಿನಲ್ಲಿ ನಿಂತ ಆನೆಯಂತೆ ಕೇಳಿಸುತ್ತದೆ.

ದೇಹವನ್ನು ಬಿಟ್ಟ ದನಿ

ಶಾಸ್ತ್ರೀಯ ಗಾಯಕರು ಸಿನಿಮಾಕ್ಕೆ ಹಾಡಲು ಹಿಂಜರಿಯುತ್ತಿದ್ದುದು ಬರಿಯ ಮಡಿವಂತಿಕೆಯಿಂದಲ್ಲ. ಕಿರಾನಾ ಘರಾನೆಯ ಪದ್ಧತಿಯಲ್ಲಿ ರಾಗವನ್ನು ಒಂದೊಂದೇ ಸ್ವರ ಹಿಡಿದು ನಿಧಾನವಾಗಿ ಬೆಳೆಸುತ್ತಾರೆ. ವಿಲಂಬಿತ ಖ್ಯಾಲ್ ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು ಸಾಮಾನ್ಯ. ಸಿನಿಮಾ ಹಾಡಿಗೆ ಅಷ್ಟು ಬಿಡುವಿಲ್ಲ. ಮೇಲಾಗಿ ಹಾಡು ಮೊದಲು ಮುದ್ರಣವಾಗುತ್ತದೆ, ಚಿತ್ರೀಕರಣದ ವೇಳೆ ಅದನ್ನು ನುಡಿಸಿ ನಟ ತುಟಿ ಹೊಂದಿಸುತ್ತಾನೆ. ನಟನಿಗೆ ಅನುಕೂಲವಾಗುವಂತೆ ಪ್ರತಿ ತಿರುವೂ ಮೊದಲೇ ಗೊತ್ತಾಗಿರಬೇಕು. ಆ ಕ್ಷಣದಲ್ಲಿ ಹುಟ್ಟುವುದೇ ಖ್ಯಾಲಿನ ಜೀವವಾಗಿರುವಾಗ ಇದು ಗಾಯಕನ ಕೈ ಕಟ್ಟಿದಂತೆ.

ಜೋಶಿಯವರ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ಅವರ ಗಾಯನ ಕಂಠಕ್ಕೆ ಸೀಮಿತವಾದದ್ದಲ್ಲ. ಕಛೇರಿಯಲ್ಲಿ ಅವರು ಮುಖ ಕಿವುಚಿ, ಕಣ್ಣು ಮುಚ್ಚಿ, ತೋಳು ಬೀಸಿ, ನೆಲದಿಂದ ಏನನ್ನೋ ಕಿತ್ತು ಮೇಲಕ್ಕೆತ್ತುವವರಂತೆ ಸ್ವರ ಹಚ್ಚುತ್ತಿದ್ದರು. ಅದನ್ನು ಕಂಡು ನಕ್ಕವರೂ ಹತ್ತು ನಿಮಿಷದಲ್ಲಿ ನಗು ಮರೆಯುತ್ತಿದ್ದರು. ತೆರೆಯ ಮೇಲೆ ಆ ದನಿಗೆ ಸಿಕ್ಕಿದ್ದು ನಟರ ಸೌಮ್ಯ ಮುಖ, ಮೆಲ್ಲನೆ ಆಡುವ ತುಟಿ. ಹಾಡು ಒಂದು ಕಡೆ ಗುಡುಗುತ್ತಿದ್ದರೆ ಮುಖ ಇನ್ನೊಂದು ಕಡೆ ಮುಗುಳ್ನಗುತ್ತಿರುತ್ತದೆ. ಯಕ್ಷಗಾನದಲ್ಲಿ ಭಾಗವತರ ಏರುಪದಕ್ಕೆ ವೇಷಧಾರಿ ಇಡೀ ಮೈಯಿಂದ ಉತ್ತರ ಕೊಡುತ್ತಾನೆ. ಸಿನಿಮಾ ನಟನಿಗೆ ಆ ಶಿಕ್ಷಣವೂ ಇರಲಿಲ್ಲ, ಅಂಥ ಅಪೇಕ್ಷೆಯೂ ಇರಲಿಲ್ಲ.

ದನಿ ಮತ್ತು ಮುಖ ಬೇರೆಯಾಗುವ ಈ ಸಂಕಟಕ್ಕೆ ಫ್ರಾಂಕ್ಲಿನ್ ಅವರ ಬದುಕಿನಲ್ಲಿಯೂ ವಿಚಿತ್ರ ಉದಾಹರಣೆಯೊಂದಿದೆ. 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಅವರು ಎರಡು ರಾತ್ರಿ ಭಕ್ತಿಗೀತೆ ಹಾಡಿದರು. ನಿರ್ದೇಶಕ ಸಿಡ್ನಿ ಪೊಲಾಕ್ ಅದನ್ನು ಚಿತ್ರೀಕರಿಸಿದರು. ಆದರೆ ಪ್ರತಿ ತುಣುಕಿನ ಆರಂಭದಲ್ಲಿ ಕ್ಲಾಪ್ ಹಲಗೆ ತೋರಿಸುವ ಸಾಮಾನ್ಯ ಎಚ್ಚರವನ್ನು ಚಿತ್ರತಂಡ ವಹಿಸದ ಕಾರಣ ದೃಶ್ಯಕ್ಕೂ ಧ್ವನಿಗೂ ಹೊಂದಾಣಿಕೆ ಮಾಡಲಾಗಲಿಲ್ಲ. ಆಲ್ಬಮ್ ಭಾರೀ ಜನಪ್ರಿಯವಾಯಿತು, ಚಿತ್ರ ಮಾತ್ರ ದಶಕಗಳ ಕಾಲ ಕೋಣೆಯಲ್ಲಿ ಕೊಳೆಯಿತು. ಕೊನೆಗೆ ಡಿಜಿಟಲ್ ತಂತ್ರಜ್ಞಾನದಿಂದ ಎರಡನ್ನೂ ಕೂಡಿಸಿದಾಗ ಪ್ರದರ್ಶನಕ್ಕೆ ಸ್ವತಃ ಫ್ರಾಂಕ್ಲಿನ್ ಅವರೇ ನ್ಯಾಯಾಲಯದಲ್ಲಿ ತಡೆ ಒಡ್ಡಿದರು. 2018ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡ ನಂತರವಷ್ಟೇ 'ಅಮೇಜಿಂಗ್ ಗ್ರೇಸ್' ಜನರ ಮುಂದೆ ಬಂತು. ಬೆವರು ಸುರಿಯುವ ಆ ಮುಖವನ್ನು ಕಂಡ ಮೇಲೆ ಆಲ್ಬಮ್ಮನ್ನು ಮತ್ತೆ ಹಳೆಯ ರೀತಿಯಲ್ಲಿ ಕೇಳುವುದು ಕಷ್ಟ.

ಕನ್ನಡ ತೆರೆ ಕೊಟ್ಟದ್ದೆಷ್ಟು?

ಕನ್ನಡ ಚಿತ್ರರಂಗ ಜೋಶಿಯವರನ್ನು ಬಳಸಿಕೊಂಡದ್ದು ಕಡಿಮೆ. ಮುಖ್ಯವಾದದ್ದು 1966ರ 'ಸಂಧ್ಯಾರಾಗ'. ಅ.ನ. ಕೃಷ್ಣರಾಯರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿದ, ರಾಜ್‌ಕುಮಾರ್ ನಾಯಕರಾಗಿದ್ದ ಚಿತ್ರ. ಸಂಗೀತವನ್ನೇ ಉಸಿರಾಗಿಸಿಕೊಂಡ ಕಥೆಗೆ ಜಿ.ಕೆ. ವೆಂಕಟೇಶ್ ಅವರೊಂದಿಗೆ ಎಂ. ಬಾಲಮುರಳಿಕೃಷ್ಣ ಅವರೂ ಕೈಜೋಡಿಸಿದರು. ನಾದದೇವತೆಯನ್ನು ಪ್ರಾರ್ಥಿಸುವ ಗೀತೆಯಲ್ಲಿ ಜೋಶಿಯವರ ಹಿಂದುಸ್ತಾನಿ ಕಂಠವೂ ಬಾಲಮುರಳಿಯವರ ಕರ್ನಾಟಕ ಶೈಲಿಯ ಕಂಠವೂ ಒಂದೇ ಚಿತ್ರದಲ್ಲಿ ಕೇಳಲು ದೊರೆತವು. ಧಾರವಾಡ ಸೀಮೆಯ ಸಂಗೀತವನ್ನೂ ಮೈಸೂರು ಸೀಮೆಯ ಸಂಗೀತವನ್ನೂ ಬೇರೆ ಬೇರೆ ಲೋಕಗಳೆಂದು ಭಾವಿಸಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಏಕೀಕರಣವಾಗಿ ಆಗ ಹತ್ತೇ ವರ್ಷಗಳಾಗಿದ್ದವು.

ಮುಂದೆ 80ರ ದಶಕದಲ್ಲಿ ಶಂಕರ್ ನಾಗ್ ಅವರ 'ನೋಡಿ ಸ್ವಾಮಿ ನಾವಿರೋದು ಹೀಗೆ' ಚಿತ್ರದಲ್ಲಿ ಪುರಂದರದಾಸರ ಪದವನ್ನು ಹಾಡಿದ ಜೋಶಿಯವರ ಕಂಠ ಮತ್ತೆ ಕೇಳಿಬಂತು. ಹೆಚ್ಚುಕಡಿಮೆ ಇಷ್ಟೇ. ಮರಾಠಿಗೆ, ಹಿಂದಿಗೆ ಹಾಡಿದ ಬೇರೆ ಗೀತೆಗಳಿವೆ. 1973ರ 'ಬೀರಬಲ್ ಮೈ ಬ್ರದರ್' ಚಿತ್ರದಲ್ಲಿ ಪಂಡಿತ್ ಜಸರಾಜ್ ಅವರೊಂದಿಗೆ ಜುಗಲ್‌ಬಂದಿಯೂ ಇದೆ. ತವರಿನ ಚಿತ್ರರಂಗವೇ ಹಿಂದುಳಿಯಿತೆಂಬ ಕೊರಗು ಅಭಿಮಾನಿಗಳಲ್ಲಿದ್ದರೆ ತಪ್ಪಿಲ್ಲ. ಆದರೆ ಪುಣೆಯಲ್ಲಿ ನೆಲೆಸಿ, ವರ್ಷದ ಬಹುಭಾಗ ಪ್ರವಾಸದಲ್ಲಿರುತ್ತಿದ್ದ ಗಾಯಕ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕನ್ನಡ ಚಿತ್ರಗಳಿಗೆ ಸುಲಭವಾಗಿ ಎಟಕುವವರೂ ಆಗಿರಲಿಲ್ಲ.

ಗಾಯಕರಿಗೆ ಸಲ್ಲುವ ರಾಷ್ಟ್ರಪ್ರಶಸ್ತಿಯ ಲೆಕ್ಕದಲ್ಲಿ ಕನ್ನಡ ಚಿತ್ರಗಳ ದಾಖಲೆ ಗಮನಾರ್ಹ. ಕನ್ನಡದಲ್ಲಿಯೇ ಜಿ.ವಿ. ಅಯ್ಯರ್ ತೆಗೆದ 'ಹಂಸಗೀತೆ'ಗಾಗಿ 1975ರಲ್ಲಿ ಬಾಲಮುರಳಿಕೃಷ್ಣ, 'ಕಾಡು ಕುದುರೆ'ಗಾಗಿ 1978ರ ಸಾಲಿನಲ್ಲಿ ಶಿವಮೊಗ್ಗ ಸುಬ್ಬಣ್ಣ, 'ಜೀವನ ಚೈತ್ರ'ಕ್ಕಾಗಿ 1992ರ ಸಾಲಿನಲ್ಲಿ ರಾಜ್‌ಕುಮಾರ್, 'ಗಾನಯೋಗಿ ಪಂಚಾಕ್ಷರಿ ಗವಾಯಿ'ಗಾಗಿ 1995ರ ಸಾಲಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಈ ಗೌರವ ಪಡೆದರು. ಜೋಶಿಯವರಿಗೂ ಅದು ಬಂತು, ಆದರೆ ಹಿಂದಿ ಚಿತ್ರಕ್ಕೆ. ಅಮೋಲ್ ಪಾಲೇಕರ್ ನಿರ್ದೇಶನದ 'ಅನ್‌ಕಹೀ'ಯಲ್ಲಿ ಹಾಡಿದ ಭಜನೆಗಾಗಿ 1984ರ ಸಾಲಿನ ಪ್ರಶಸ್ತಿ. ಅದೇ ಚಿತ್ರಕ್ಕೆ ಸಂಗೀತ ನಿರ್ದೇಶಕ ಜೈದೇವ್ ಅವರೂ ಪ್ರಶಸ್ತಿ ಪಡೆದರು. ಆ ಹೊತ್ತಿಗೆ ಜೋಶಿಯವರಿಗೆ ಅರುವತ್ತು ದಾಟಿತ್ತು. 'ಬಸಂತ್ ಬಹಾರ್'ನ ರಭಸ ಇಲ್ಲಿಲ್ಲ. ಇಳಿವಯಸ್ಸಿನ ದನಿ, ಬೇಡಿಕೆಯ ದನಿ. ಜೈದೇವ್ ವಾದ್ಯಗಳ ಗದ್ದಲವನ್ನು ತಗ್ಗಿಸಿ ಆ ದನಿಗೆ ಜಾಗ ಬಿಟ್ಟುಕೊಟ್ಟಿದ್ದಾರೆ. ಅವರ ಚಿತ್ರಗೀತೆಗಳಲ್ಲಿ ಗಾಯಕನ ಸ್ವಭಾವಕ್ಕೆ ಅತಿ ಹತ್ತಿರವಾದದ್ದು ಇದೇ ಎನ್ನಬಹುದು.

ಕೊನೆಗೂ ಕಂಡ ಮುಖ

1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ 'ಮಿಲೇ ಸುರ್ ಮೇರಾ ತುಮ್ಹಾರಾ' ಮೊದಲ ಬಾರಿ ಪ್ರಸಾರವಾಯಿತು. ಜಲಪಾತದ ಮುಂದೆ ನಿಂತು ಅದನ್ನು ಆರಂಭಿಸುವವರು ಭೀಮಸೇನ ಜೋಶಿ. ಭೈರವಿಯ ಛಾಯೆಯ ಆ ಎತ್ತುಗಡೆ ಅವರದೇ ಕೊಡುಗೆ. ಇತರರ ತುಟಿಗಳಿಗೆ ಮೂರು ದಶಕಗಳ ಕಾಲ ದನಿ ಕೊಟ್ಟವರು ಈಗ ತಮ್ಮ ಮುಖದೊಂದಿಗೆ ದೇಶದ ಎದುರು ನಿಂತರು. ಆರು ನಿಮಿಷಗಳ ಆ ಚಿತ್ರಿಕೆಯಲ್ಲಿ ಅವರು ಕಾಣಿಸುವುದು ಕೆಲವೇ ಸೆಕೆಂಡುಗಳು. ಆದರೆ ಅದು ಮತ್ತೆ ಮತ್ತೆ ಪ್ರಸಾರವಾಗಿ, ದೂರದರ್ಶನ ಒಂದೇ ಇದ್ದ ಕಾಲದ ಮಕ್ಕಳಿಗೆ ಹಿಂದುಸ್ತಾನಿ ಗಾಯಕ ಎಂದರೆ ಈ ಮುಖ ಎಂಬಂತಾಯಿತು. ಅದರಲ್ಲಿಯೇ ತಮಿಳಿನ ಸಾಲಿಗೆ ಬಾಲಮುರಳಿಕೃಷ್ಣ ಅವರೂ ಬರುತ್ತಾರೆ. 'ಸಂಧ್ಯಾರಾಗ'ದಲ್ಲಿ ಮರೆಯಲ್ಲಿದ್ದ ಎರಡು ಕಂಠಗಳು ಇಪ್ಪತ್ತೆರಡು ವರ್ಷಗಳ ಬಳಿಕ ಒಂದೇ ಚಿತ್ರಿಕೆಯಲ್ಲಿ ಮುಖ ತೋರಿಸಿದವು.

90ರ ದಶಕದ ಆರಂಭದಲ್ಲಿ ಗುಲ್ಜಾರ್ ಅವರು ಜೋಶಿಯವರ ಕುರಿತು ಸಾಕ್ಷ್ಯಚಿತ್ರ ತೆಗೆದರು. ನಟನಿಗಾಗಿ ಹಾಡುವ ಹಂಗಿಲ್ಲದೆ, ಗಾಯಕನ ದೇಹ ಮತ್ತು ದನಿ ಒಂದಾಗಿಯೇ ಉಳಿದ ಚಿತ್ರವದು. ಅಷ್ಟರಲ್ಲಿ ಜೋಶಿಯವರಿಗೆ ಎಪ್ಪತ್ತು ಸಮೀಪಿಸಿತ್ತು. 34ರ ವಯಸ್ಸಿನ ಅವರ ಕಂಠ ಸಿನಿಮಾದಲ್ಲಿ ಉಳಿದಿರುವುದು ಮತ್ತೊಬ್ಬರ ಮುಖದಲ್ಲಿ ಎಂಬ ಕೊರತೆಯನ್ನು ಯಾವ ಸಾಕ್ಷ್ಯಚಿತ್ರವೂ ತುಂಬಲಾರದು.

ಎಂ.ಎಸ್. ಸುಬ್ಬುಲಕ್ಷ್ಮಿ ಅವರೊಂದಿಗೆ ಹೋಲಿಸಿದರೆ ಈ ಕೊರತೆ ಇನ್ನೂ ಸ್ಪಷ್ಟ. ಅವರು 1945ರ 'ಮೀರಾ' ಚಿತ್ರದಲ್ಲಿ ತಾವೇ ಅಭಿನಯಿಸಿ ಹಾಡಿದರು, ಹಿಂದಿ ಅವತರಣಿಕೆಯ ಮೂಲಕ ಉತ್ತರ ಭಾರತವನ್ನೂ ತಲುಪಿದರು, ಬಳಿಕ ಸಿನಿಮಾಕ್ಕೆ ಬೆನ್ನು ತಿರುಗಿಸಿ ಸಂಗೀತಕ್ಕೆ ಮರಳಿದರು. ಯೌವನದ ಅವರ ಮುಖವೂ ದನಿಯೂ ಒಟ್ಟಾಗಿ ಉಳಿದಿವೆ. ಸುಬ್ಬುಲಕ್ಷ್ಮಿಯವರಿಗೆ 1998ರಲ್ಲಿ ಭಾರತರತ್ನ ಬಂದರೆ ಜೋಶಿಯವರಿಗೆ ಅದು ಘೋಷಣೆಯಾದದ್ದು 2008ರ ನವೆಂಬರ್‌ನಲ್ಲಿ. ಅನಾರೋಗ್ಯದ ಕಾರಣ 2009ರ ಫೆಬ್ರವರಿಯಲ್ಲಿ ಪುಣೆಯ ಮನೆಯಲ್ಲಿಯೇ ಅದನ್ನು ಸ್ವೀಕರಿಸಿದರು. ಅದಕ್ಕೆ ಮೊದಲು, 2005ರಲ್ಲಿ, ರಾಜ್ಯ ಸರ್ಕಾರ ಅವರಿಗೆ 'ಕರ್ನಾಟಕ ರತ್ನ' ನೀಡಿತ್ತು. ಗುರುವಾಯನಕೆರೆಯವರಿಗೆ ಆ ಪ್ರಶಸ್ತಿಯ ಹೆಸರು ಪರಿಚಿತವೇ. ಇದೇ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರಿಗೆ 2009ರ ಸಾಲಿನಲ್ಲಿ ಸಂದದ್ದೂ ಅದೇ.

2011ರ ಜನವರಿ 24ರಂದು ಜೋಶಿಯವರು ಪುಣೆಯಲ್ಲಿ ನಿಧನರಾದರು. ಆಗ ಅವರಿಗೆ 88 ವರ್ಷ.

ಈಗ ಅವರ ಹಾಡುಗಳೆಲ್ಲ ಅಂಗೈಯ ಫೋನಿನಲ್ಲೇ ದೊರೆಯುತ್ತವೆ. ಹೊಸದಾಗಿ ಕೇಳಲು ಹೊರಟವರು 'ಬಸಂತ್ ಬಹಾರ್'ನ ಪಂದ್ಯದಿಂದ ಆರಂಭಿಸಬಹುದು. ಮೊದಲ ಬಾರಿ ದೃಶ್ಯ ನೋಡುತ್ತ, ಎರಡನೆಯ ಬಾರಿ ಕಣ್ಣು ಮುಚ್ಚಿ. ಬಳಿಕ 'ಸಂಧ್ಯಾರಾಗ', ಅದರ ನಂತರ 'ಅನ್‌ಕಹೀ'. ಇವನ್ನೆಲ್ಲ ಮುಗಿಸಿ, ಹಳೆಯ ಕಛೇರಿಯೊಂದರ ಪೂರ್ಣ ದೃಶ್ಯಮುದ್ರಣವನ್ನು, ವಿಲಂಬಿತ ಖ್ಯಾಲ್ ಸಹಿತ, ನಡುವೆ ನಿಲ್ಲಿಸದೆ ನೋಡಬೇಕು. ಅದಕ್ಕೆ ಒಂದು ಗಂಟೆ ಎತ್ತಿಡಬೇಕಾದೀತು.